ಸೆಲ್ ಇಳಿದ ಹೊತ್ತಿನ ಶ್ರುತಿ

ಸೋದರಮಾವನೆನ್ನಿಸಿಕೊಂಡವನಿಗೆ ನಮ್ಮ ಸೀಮೆಯಲ್ಲಿ ಕೆಲವು ಕರ್ತವ್ಯಗಳು ವಿಧಿಸಲ್ಪಟ್ಟಿವೆ. ಅಳಿಯನ ಶುಭಕಾರ್ಯಗಳಲ್ಲಿ ಮುಂದೆ ನಿಲ್ಲುವುದು, ಅವನ ಪರೀಕ್ಷೆಯ ಅಂಕಗಳನ್ನು ಅಕ್ಕನಿಗಿಂತ ಮೊದಲು ತಿಳಿದು ಎರಡು ದಿವಸ ಮುಚ್ಚಿಡುವುದು, ಅವನು ಮೆಚ್ಚಿದ ಸಂಗೀತವನ್ನು ಮುಖ ಸಿಂಡರಿಸದೆ ಕೇಳುವುದು. ಮೊದಲಿನವೆರಡನ್ನು ನಾನು ಯಥಾಶಕ್ತಿ ನೆರವೇರಿಸಿಕೊಂಡು ಬಂದಿದ್ದೇನೆ. ಮೂರನೆಯದರ ಕಥೆಯೇ ಈ ವಾರದ್ದು.

ಅಕ್ಕನ ಮಗ ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದುತ್ತಾನೆ. ರಜೆ ಬಂದರೆ ತನ್ನ ಮನೆಗಿಂತ ಮೊದಲು ಬಜಗೋಳಿಗೆ, ಅಜ್ಜಿಯ ಮನೆಗೆ, ಬರುವುದು ಅವನ ಪದ್ಧತಿ. ಬಜಗೋಳಿಯನ್ನರಿಯದ ವಾಚಕರಿಗೆ ಹೇಳಬೇಕಾದರೆ, ಕಾರ್ಕಳದಿಂದ ಕುದುರೆಮುಖದ ಘಾಟಿಯ ಕಡೆಗೆ ಹೊರಟ ಹೆದ್ದಾರಿಯಿಂದ ನಾರಾವಿ, ಧರ್ಮಸ್ಥಳಗಳ ಹಾದಿ ಕವಲೊಡೆಯುವ ಊರು ಇದು. ಯಾತ್ರಿಕರು ಇಲ್ಲಿ ಚಹಾ ಕುಡಿದು ಮುಂದೆ ಹೋಗುತ್ತಾರೆ. ಮಳೆ ಮಾತ್ರ ಘಟ್ಟದಿಂದ ಇಳಿದು ಬಂದು ನಾಲ್ಕು ತಿಂಗಳು ಇಲ್ಲಿಯೇ ಬಿಡಾರ ಹೂಡುತ್ತದೆ. ಅಂಥ ಮಳೆಯ ಒಂದು ಸಂಜೆ, ವಿದ್ಯುತ್ತು ಹೋಗಿ ಬಂದು ಹೋಗಿ ಬಂದು ಮಾಡುತ್ತಿದ್ದಾಗ, ಅಳಿಯರಾಯರು ತಮ್ಮ ಕಿವಿಯ ಯಂತ್ರವನ್ನು ಕಳಚಿ ನನ್ನ ಕಿವಿಗೆ ತೊಡಿಸಿದರು.

"ಮಾವ, ಇದನ್ನು ಪೂರ್ತಿ ಕೇಳಬೇಕು. ಮಧ್ಯದಲ್ಲಿ ತೆಗೆಯಬಾರದು."

ಕೇಳಿದೆ. ಇಂಗ್ಲೆಂಡಿನ ‘ಟಿ. ರೆಕ್ಸ್’ ಎಂಬ ತಂಡದ ಹಾಡುಗಳು. ೧೯೭೦ರಿಂದ ೧೯೭೭ರವರೆಗೆ ಬಿಡಿಬಿಡಿಯಾಗಿ, ತಟ್ಟೆಯ ಒಂದು ಮುಖಕ್ಕೆ ಒಂದು ಹಾಡಿನಂತೆ ಹೊರಬಂದವುಗಳನ್ನು ಒಟ್ಟುಗೂಡಿಸಿ, ಮೂಲ ಟೇಪುಗಳಿಂದ ಹೊಸದಾಗಿ ಶುದ್ಧಪಡಿಸಿದ ಸಂಕಲನ. ಆ ಜಾತಿಯ ಸಂಗೀತಕ್ಕೆ ‘ಗ್ಲಾಮ್ ರಾಕ್’ ಎಂದು ಹೆಸರಂತೆ. ತಂಡದ ನಾಯಕ ಮಾರ್ಕ್ ಬೋಲನ್ ಎಂಬ ಗುಂಗುರುಗೂದಲಿನ ತರುಣ. ೧೯೭೧ರಲ್ಲಿ ಅಲ್ಲಿನ ದೂರದರ್ಶನದ ಹಾಡಿನ ಕಾರ್ಯಕ್ರಮಕ್ಕೆ ಅವನು ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿ, ಥಳಥಳಿಸುವ ಉಡುಪು ತೊಟ್ಟು ಬಂದುದೇ ಈ ಸಂಪ್ರದಾಯದ ಆರಂಭವೆಂದು ಬಲ್ಲವರು ಹೇಳುತ್ತಾರೆ. ಗಂಡಸೊಬ್ಬ ಮುಖಕ್ಕೆ ಬಣ್ಣ ಹಚ್ಚಿ, ಹೊಳೆಯುವ ಬಟ್ಟೆ ತೊಟ್ಟು ಹಾಡಿಗೆ ಹೆಜ್ಜೆ ಹಾಕಿದ್ದು ಆ ದೇಶದ ತಂದೆತಾಯಿಗಳಿಗೆ ಆಘಾತವನ್ನುಂಟುಮಾಡಿತಂತೆ. ನಮ್ಮ ಮೇಳಗಳ ಸ್ತ್ರೀವೇಷಧಾರಿಗಳು ಈ ಸುದ್ದಿಯನ್ನು ಕೇಳಿದ್ದರೆ ಚೌಕಿಯಲ್ಲಿ ಕುಳಿತು ಅರ್ದಳ ಅರೆಯುತ್ತ ಎಷ್ಟು ನಗುತ್ತಿದ್ದರೋ!

ಹಾಡುಗಳು ನನಗೆ ಹಿಡಿಸಿದವೆಂದು ಹೇಳಿದರೆ ಸುಳ್ಳಾದೀತು. ಹಿಡಿಸಲಿಲ್ಲವೆಂದರೂ ಪೂರ್ಣ ಸತ್ಯವಲ್ಲ. ಆ ತರುಣನ ಕಂಠದ ನಡುಕದಲ್ಲಿ ಏನೋ ಒಂದು ಒತ್ತಾಯವಿತ್ತು. ಅವನ ಹಿಂದೆ ಇಬ್ಬರು ತಾರಸ್ಥಾಯಿಯಲ್ಲಿ ಎತ್ತಿ ಹಾಡುತ್ತಿದ್ದುದು ಸ್ಪಷ್ಟವಾಗಿ ಕೇಳಿಸುತ್ತಿತ್ತು. "ಹಳೆಯ ತಟ್ಟೆಗಳಲ್ಲಿ ಇದು ಇಷ್ಟು ಬಿಡಿಸಿ ಕೇಳುವುದಿಲ್ಲ. ಹೊಸದಾಗಿ ಮಾಸ್ಟರ್ ಮಾಡಿದ್ದರಿಂದ ಇವರಿಬ್ಬರೂ ಎದ್ದು ಬಂದರು" ಎಂದ ಅಳಿಯ. ಬೋಲನ್ ೧೯೭೭ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಬಾರ್ನ್ಸ್ ಎಂಬಲ್ಲಿ ಕಾರಿನ ಅಪಘಾತದಲ್ಲಿ ತೀರಿಕೊಂಡನೆಂಬುದನ್ನೂ ಅವನೇ ತಿಳಿಸಿದ. ಮೂವತ್ತು ತುಂಬಲು ಎರಡು ವಾರ ಉಳಿದಿತ್ತಂತೆ. ಅವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಓಡಿಸುತ್ತಿದ್ದವರು ಬೇರೆಯವರು.

ಅಷ್ಟರಲ್ಲಿ ಒಳಗಿನಿಂದ ಅಮ್ಮ ಕೇಳಿದರು: "ಅದು ಯಾರು, ಅಪಘಾತದಲ್ಲಿ ಹೋದದ್ದು?"

"ಇಂಗ್ಲೆಂಡಿನವ, ಅಜ್ಜಿ. ಹಾಡುವವ."

"ನಮ್ಮ ನಾವಡರ ಹಾಗೆ" ಎಂದು ಅಮ್ಮ ಸೌತೆಕಾಯಿ ಹೆಚ್ಚುವುದನ್ನು ಮುಂದುವರಿಸಿದರು.

ಗುಂಡ್ಮಿ ಕಾಳಿಂಗ ನಾವಡರ ಹೆಸರನ್ನು ಕರಾವಳಿಯವರಿಗೆ ಪರಿಚಯಿಸುವುದು ಸಮುದ್ರದವನಿಗೆ ಉಪ್ಪನ್ನು ಪರಿಚಯಿಸಿದಂತೆ. ಘಟ್ಟದ ಮೇಲಿನ ವಾಚಕರಿಗಾಗಿ ಎರಡು ಮಾತು ಹೇಳುತ್ತೇನೆ. ಸಾಲಿಗ್ರಾಮದ ಬಳಿಯ ಗುಂಡ್ಮಿಯಲ್ಲಿ ೧೯೫೮ರಲ್ಲಿ ಹುಟ್ಟಿದ ನಾವಡರು ನಾರಣಪ್ಪ ಉಪ್ಪೂರರ ಶಿಷ್ಯರಾಗಿ ಬಡಗುತಿಟ್ಟಿನ ಭಾಗವತಿಕೆಯನ್ನು ಕಲಿತು, ಇಪ್ಪತ್ತರ ಹರೆಯದಲ್ಲಿಯೇ ಸಾಲಿಗ್ರಾಮ ಮೇಳದ ಡೇರೆಯೊಳಕ್ಕೆ ಜನರನ್ನು ಕಂಠವೊಂದರಿಂದಲೇ ಎಳೆದು ತಂದವರು. ಯಕ್ಷಗಾನಕ್ಕೆ ಹೊಸ ರಾಗಗಳನ್ನು ತಂದರೆಂದು ಕೆಲವರು ಹೊಗಳಿದರು. ಅದೇ ಕಾರಣಕ್ಕೆ ಕೆಲವರು ತೆಗಳಿದರು. ಎರಡೂ ಪಕ್ಷದವರು ಟಿಕೇಟು ಕೊಂಡು ಒಳಗೆ ಕುಳಿತಿರುತ್ತಿದ್ದರು. ಅವರು ಪ್ರಸಂಗಗಳನ್ನೂ ರಚಿಸಿದರು. ೧೯೯೦ರಲ್ಲಿ, ಮೂವತ್ತೊಂದೆರಡರ ವಯಸ್ಸಿನಲ್ಲಿ, ರಸ್ತೆಯ ಅಪಘಾತವೊಂದು ಅವರನ್ನು ಒಯ್ದಿತು. ಆ ವರ್ಷ ನಾನಿನ್ನೂ ತೊಟ್ಟಿಲು ಬಿಟ್ಟಿರದ ಮಗು. ಆದರೂ ಅವರ ಕಂಠ ನನಗೆ ನನ್ನ ಅಧ್ಯಾಪಕರ ಕಂಠಗಳಿಗಿಂತ ಚೆನ್ನಾಗಿ ಗೊತ್ತು. ಕಾರಣ, ನಮ್ಮ ತಂದೆಯವರ ಪೆಟ್ಟಿಗೆಯಲ್ಲಿದ್ದ ನಾಲ್ಕು ಕ್ಯಾಸೆಟ್ಟುಗಳು.

ಇಲ್ಲಿ ಸ್ವಲ್ಪ ಹಿಂದೆ ಹೋಗಬೇಕಾಗಿದೆ. ನಮ್ಮ ಮನೆಯಲ್ಲಿ ಧ್ವನಿಗೆ ಎರಡು ತಲೆಮಾರುಗಳುಂಟು: ಅಜ್ಜನದು ತಟ್ಟೆ, ತಂದೆಯವರದು ಕ್ಯಾಸೆಟ್ಟು. ವಿಚಿತ್ರವೆಂದರೆ ಎರಡರಲ್ಲಿಯೂ ಹಾಡುವವರ ಹೆಸರು ಕಾಳಿಂಗ. ಅಜ್ಜನ ತಟ್ಟೆಯ ಕಾಳಿಂಗರಾಯರು, ಎಂದರೆ ೧೯೧೪ರಲ್ಲಿ ಆರೂರಿನಲ್ಲಿ ಜನಿಸಿದ ಪಾಂಡೇಶ್ವರ ಕಾಳಿಂಗರಾಯರು, ಗುಂಡ್ಮಿಯಿಂದ ಬಹಳ ದೂರದವರೇನಲ್ಲ. ಬಾಲ್ಯದಲ್ಲಿ ನಾಟಕಮಂಡಳಿಯನ್ನು ಸೇರಿ, ಮದರಾಸಿನಲ್ಲಿ ನೆಲೆನಿಂತು, ಬೇಂದ್ರೆಯವರನ್ನೂ ರಾಜರತ್ನಂ ಅವರನ್ನೂ ದಾಸರ ಪದಗಳನ್ನೂ ಹಳ್ಳಿಯ ಹಾಡುಗಳನ್ನೂ ಒಂದೇ ಗಂಟಲಿನಿಂದ ಕನ್ನಡಿಗರ ಮನೆಮನೆಗೆ ಮುಟ್ಟಿಸಿದ ಮಹಾನುಭಾವರು. ‘ಅಬ್ಬಾ ಆ ಹುಡುಗಿ’ ಚಿತ್ರಕ್ಕೆ ೧೯೫೯ರಲ್ಲಿ ಸಂಗೀತ ನೀಡಿದವರೂ ಅವರೇ. ೧೯೮೧ರಲ್ಲಿ ಅವರು ನಿಧನರಾದರು. ಅವರ ಅಕ್ಕಪಕ್ಕದಲ್ಲಿ ನಿಂತು ಹಾಡುತ್ತಿದ್ದ ಮೋಹನಕುಮಾರಿ, ಸೋಹನಕುಮಾರಿಯರ ಹೆಸರನ್ನು ಅಜ್ಜ ಒಂದೇ ಉಸಿರಿನಲ್ಲಿ, ಒಂದೇ ಹೆಸರೆಂಬಂತೆ ಹೇಳುತ್ತಿದ್ದರಂತೆ.

ಅಜ್ಜ ಬಿಟ್ಟುಹೋದ ತಟ್ಟೆಗಳು ಎರಡೇ. ಒಂದು ಸೀಳು ಬಿಟ್ಟಿದೆ. ಈ ತಟ್ಟೆ ಅರಗಿನದು. ಕೈತಪ್ಪಿದರೆ ಹಂಚಿನಂತೆ ಒಡೆಯುತ್ತದೆ. ಜಗತ್ತಿನ ಗ್ರಾಮೊಫೋನ್ ತಟ್ಟೆಗಳಿಗೆ ಬೇಕಾದ ಅರಗಿನ ಬಹುಪಾಲು ನಮ್ಮ ದೇಶದ ಕಾಡುಗಳಲ್ಲಿ ಕೀಟಗಳು ಸುರಿಸಿದ್ದೆಂಬುದನ್ನು ಎಷ್ಟು ಜನ ಬಲ್ಲರು? ೧೯೦೨ರಲ್ಲಿ ಗೋಹರ್ ಜಾನ್ ಕಲ್ಕತ್ತೆಯಲ್ಲಿ ಹಾಡಿದ್ದು ತಟ್ಟೆಯಾಗಲು ಜರ್ಮನಿಯ ಹ್ಯಾನೊವರಿಗೆ ಹೋಗಿ ಬರಬೇಕಾಯಿತು. ಅಲ್ಲಿಯವರಿಗೆ ಗುರುತು ಸಿಕ್ಕಲೆಂದು ಆಕೆ ಹಾಡಿನ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಕೂಗಿ ಹೇಳುತ್ತಿದ್ದಳು. ಮುಂದೆ ಕಲ್ಕತ್ತೆಯಲ್ಲಿಯೇ ತಟ್ಟೆಗಳು ತಯಾರಾದವು. ನಿಮಿಷಕ್ಕೆ ೭೮ ಸುತ್ತು, ಮುಖವೊಂದಕ್ಕೆ ಮೂರು ನಿಮಿಷದ ಆಸುಪಾಸು. ಕವಿ ಎಂಟು ನುಡಿ ಬರೆದಿದ್ದರೂ ತಟ್ಟೆ ಮೂರು ನಿಮಿಷದ ಆಚೆಗೆ ಒಂದು ಪದವನ್ನೂ ಕೇಳದು. ಹಾಡಿದ ನುಡಿಗಳು ಜನರ ಬಾಯಿಗೆ ಬಂದವು, ಉಳಿದವು ಪುಸ್ತಕದೊಳಗೇ ಉಳಿದವು. ತರಗತಿಯಲ್ಲಿ ಕವಿತೆಯನ್ನೋದುವಾಗ ಇದು ನನ್ನ ಅನುಭವಕ್ಕೆ ಬಂದಿದೆ: ಎರಡು ನುಡಿಗಳವರೆಗೆ ವಿದ್ಯಾರ್ಥಿಗಳು ತುಟಿಯಾಡಿಸುತ್ತಾರೆ, ಮೂರನೆಯದಕ್ಕೆ ತಟ್ಟನೆ ಮೌನ. ಆ ಮೌನ ತಟ್ಟೆಯ ಅಂಚು.

೧೯೪೯ರಲ್ಲಿ ಅಮೆರಿಕದವರು ೪೫ ಸುತ್ತಿನ ಪುಟ್ಟ ತಟ್ಟೆಯನ್ನು ತಂದಾಗಲೂ ಈ ಮೂರು ನಿಮಿಷದ ಪದ್ಧತಿಯೇ ಉಳಿಯಿತು. ಬೋಲನ್ನನ ಹಾಡುಗಳೂ ಆ ಪುಟ್ಟ ತಟ್ಟೆಯ ಮಕ್ಕಳೇ. ನಮ್ಮಲ್ಲಿ ಮಾತ್ರ ಹಳೆಯ ಅರಗಿನ ತಟ್ಟೆ ಇನ್ನೂ ಬಹುಕಾಲ ಬಾಳಿತು. ಇಂಗ್ಲೆಂಡಿನ ಬೀಟಲ್ಸ್ ತಂಡದ ಹಾಡುಗಳು ಸಹ ೧೯೬೦ರ ದಶಕದಲ್ಲಿ ಭಾರತದಲ್ಲಿ ೭೮ ಸುತ್ತಿನ ತಟ್ಟೆಯಾಗಿ ಮಾರಾಟವಾದುವು.

ಅಳಿಯನು ಕಾಳಿಂಗರಾಯರ ಹಾಡೊಂದನ್ನು ಯಾರೋ ‘ಶುದ್ಧಿ’ ಮಾಡಿದ್ದನ್ನು ಎಲ್ಲಿಂದಲೋ ಹುಡುಕಿ ಕೇಳಿಸಿದ. ಮುಳ್ಳು ಉಜ್ಜುವ ಸದ್ದು ಸಂಪೂರ್ಣವಾಗಿ ಮಾಯವಾಗಿತ್ತು. ಅದರೊಂದಿಗೆ ಶ, ಷ, ಸಗಳೂ ಮಾಯವಾಗಿದ್ದುವು. ಮುಳ್ಳಿನ ಸದ್ದೂ ಊಷ್ಮಾಕ್ಷರಗಳೂ ಧ್ವನಿಯ ಒಂದೇ ಎತ್ತರದಲ್ಲಿ ವಾಸಿಸುತ್ತವೆ. ಒಂದನ್ನು ಗುಡಿಸಹೊರಟರೆ ಇನ್ನೊಂದು ಪೊರಕೆಗೆ ಸಿಕ್ಕುತ್ತದೆ. ಸಕಾರ ಶಕಾರಗಳ ಭೇದವನ್ನು ಉಳಿಸಲು ಹಗಲಿರುಳು ಹೆಣಗುವ ಕನ್ನಡ ಅಧ್ಯಾಪಕನಿಗೆ ಇಂಥ ಶುದ್ಧಿ ಅಸಹ್ಯವೆನಿಸಿದರೆ ಆಶ್ಚರ್ಯವಿಲ್ಲ.

"ಇದು ಅವಸರದ ಕೆಲಸ, ಮಾವ. ನಾನು ಸರಿಯಾಗಿ ಮಾಡಿ ತೋರಿಸುತ್ತೇನೆ. ಅಜ್ಜನ ಕ್ಯಾಸೆಟ್ಟು ಕೊಡಿ" ಎಂದ ಅಳಿಯ.

ಕೊಡಲು ಮನಸ್ಸು ಹಿಂಜರಿಯಿತು. ಹಿಂಜರಿಯಲು ಸಕಾರಣವಿತ್ತು.

೧೯೬೩ರಲ್ಲಿ ಫಿಲಿಪ್ಸ್ ಕಂಪೆನಿಯವರು ಹೊರತಂದ ಈ ಪುಟ್ಟ ಡಬ್ಬಿ ನಮ್ಮ ಕರಾವಳಿಯಲ್ಲಿ ಮಾಡಿದ ಕ್ರಾಂತಿಯನ್ನು ಇನ್ನೂ ಯಾರೂ ಸರಿಯಾಗಿ ಬರೆದಿಲ್ಲವೆಂದು ನನ್ನ ಅಭಿಪ್ರಾಯ. ಬೆಂಗಳೂರಿನ ಕಡೆ ನಿಸಾರ್ ಅಹಮದರ ‘ನಿತ್ಯೋತ್ಸವ’ ೧೯೭೮ರಲ್ಲಿ ಕ್ಯಾಸೆಟ್ಟಾಗಿ ಬಂದು ಭಾವಗೀತೆಗೆ ಹೊಸ ಬಾಗಿಲು ತೆರೆದರೆ, ನಮ್ಮಲ್ಲಿ ಅದೇ ಡಬ್ಬಿ ಆಟವನ್ನೂ ತಾಳಮದ್ದಳೆಯನ್ನೂ ಅಡಿಗೆಮನೆಗೆ, ಹೋಟೆಲಿಗೆ, ಬಸ್ಸಿಗೆ, ಬೊಂಬಾಯಿಯ ಕೋಣೆಗಳಿಗೆ ಒಯ್ದಿತು. ತಟ್ಟೆಯನ್ನು ಕಂಪೆನಿಯವರೇ ಮುದ್ರಿಸಬೇಕು. ಕ್ಯಾಸೆಟ್ಟನ್ನು ಯಾರು ಬೇಕಾದರೂ ತುಂಬಿಸಬಹುದು. ನಮ್ಮ ತಂದೆಯವರು ಅಂಥ ‘ಯಾರು ಬೇಕಾದರೂ’ಗಳಲ್ಲಿ ಒಬ್ಬರು. ತೆಂಕುತಿಟ್ಟಿನವರೇ ಹೆಚ್ಚಾಗಿರುವ ಈ ಭಾಗದಲ್ಲಿ ಹುಟ್ಟಿಯೂ ಅವರಿಗೆ ನಾವಡರ ಹುಚ್ಚು. ನಾವಡರ ಕೊನೆಯ ತಿರುಗಾಟದ ಕಾಲದಲ್ಲಿ, ಕಾರ್ಕಳದ ಆಸುಪಾಸಿನ ಒಂದು ಕೊಯ್ದ ಗದ್ದೆಯಲ್ಲಿ ಡೇರೆ ಬಿದ್ದ ರಾತ್ರಿ, ಅವರು ಟೇಪ್ ರೆಕಾರ್ಡರನ್ನು ಶಾಲಿನೊಳಗೆ ಹಿಡಿದು, ಅಮ್ಮನನ್ನೂ ಅಕ್ಕನನ್ನೂ ಅಮ್ಮನ ಮಡಿಲಲ್ಲಿದ್ದ ನನ್ನನ್ನೂ ಕರೆದುಕೊಂಡು ಹೋಗಿ, ರಂಗಸ್ಥಳದ ಮಗ್ಗುಲಲ್ಲಿ ಕುಳಿತು ಬೆಳಗಿನವರೆಗೆ ತುಂಬಿಸಿಕೊಂಡದ್ದು ಈ ನಾಲ್ಕು ಕ್ಯಾಸೆಟ್ಟು. ನಾಲ್ಕಕ್ಕೆ ಮಿಕ್ಕಿ ಕೊಳ್ಳಲು ಹಣವಿರಲಿಲ್ಲ. ಆದುದರಿಂದ ಅರ್ಥಗಾರಿಕೆಯನ್ನು ಬಿಟ್ಟು, ಭಾಗವತರು ಪದ ಎತ್ತಿದಾಗ ಮಾತ್ರ ಗುಂಡಿ ಒತ್ತುತ್ತ ಹೋದರಂತೆ. ಕ್ಯಾಸೆಟ್ಟಿನ ಮೇಲೆ ಪೆನ್ಸಿಲಿನಿಂದ ‘ಕಾಳಿಂಗ ೧’, ‘ಕಾಳಿಂಗ ೨’ ಎಂದಷ್ಟೇ ಬರೆದಿದ್ದಾರೆ. ಪ್ರಸಂಗದ ಹೆಸರಿಲ್ಲ, ತಾರೀಖಿಲ್ಲ. ಮದ್ದಳೆ ಯಾರದು, ಚಂಡೆ ಯಾರದು, ಏನೂ ಇಲ್ಲ.

ಈ ನಾಲ್ಕು ಕ್ಯಾಸೆಟ್ಟುಗಳಲ್ಲಿ ಮೂರನೆಯದು ನಮ್ಮ ಊರಿನಲ್ಲಿ ಪ್ರಸಿದ್ಧವಾದದ್ದು. ಅದರ ಎರಡನೆಯ ಮುಖದಲ್ಲಿ, ರಾತ್ರಿ ಮೂರೂವರೆ ಗಂಟೆಯ ಹೊತ್ತಿಗೆ, ನಾವಡರ ಶ್ರುತಿ ಮೆಲ್ಲಮೆಲ್ಲನೆ ಮೇಲೇರುತ್ತ ಹೋಗಿ, ಕೊನೆಯ ಪದಕ್ಕೆ ಬರುವಾಗ ಮೊದಲಿಗಿಂತ ಹೆಚ್ಚುಕಡಿಮೆ ಒಂದು ಸ್ವರದಷ್ಟು ಎತ್ತರದಲ್ಲಿ ನಿಂತು ಆಕಾಶಕ್ಕೆ ಏಣಿ ಹಾಕಿದಂತೆ ಕೇಳುತ್ತದೆ. ಇದನ್ನು ಕೇಳಿ ಕಣ್ಣೊರಸಿಕೊಂಡವರನ್ನು ನಾನು ಬಲ್ಲೆ. ಬಜಗೋಳಿಯ ಆಚೆಯ ಹಳ್ಳಿಯ ಹವ್ಯಾಸಿ ಭಾಗವತರೊಬ್ಬರು ಈ ಮುಖದ ಪ್ರತಿಯನ್ನು ಮಾಡಿಸಿಕೊಂಡು ಹೋಗಿ, ಅದೇ ಎತ್ತರದಲ್ಲಿ ಹಾಡಲು ವರ್ಷಗಟ್ಟಲೆ ಸಾಧನೆ ಮಾಡಿದರು. ಒಂದು ಮಳೆಗಾಲದಲ್ಲಿ ಗಂಟಲು ಕಟ್ಟಿಕೊಂಡು ಮೂರು ತಿಂಗಳು ಮಾತನ್ನೇ ಆಡದೆ ಇರಬೇಕಾಗಿ ಬಂತು. ನಾನಾದರೋ ಇನ್ನೂ ಮುಂದಕ್ಕೆ ಹೋಗಿದ್ದೆ. ವಿಚಾರಗೋಷ್ಠಿಯೊಂದರಲ್ಲಿ ಪ್ರಬಂಧ ಮಂಡಿಸಿ, ರಸವು ಪರಿಪಾಕಕ್ಕೆ ಬಂದಂತೆ ಈ ಗಾಯಕನಲ್ಲಿ ಶ್ರುತಿಯೇ ಆರೋಹಣ ಮಾಡುತ್ತದೆಂದೂ, ಇದು ಲಕ್ಷಣಗ್ರಂಥಗಳಿಗೆ ನಿಲುಕದ ಪ್ರತಿಭೆಯ ಸ್ವಚ್ಛಂದಗತಿಯೆಂದೂ ಪ್ರತಿಪಾದಿಸಿದ್ದೆ. ಸಭೆಯಲ್ಲಿ ಚಪ್ಪಾಳೆಯಾಗಿತ್ತು. ಪ್ರಬಂಧ ಅಚ್ಚಿಗೂ ಹೋಯಿತು.

ಕೊನೆಗೆ ಕ್ಯಾಸೆಟ್ಟುಗಳನ್ನು ಕೊಟ್ಟೆ. ಅಳಿಯ ಅವುಗಳನ್ನು ಬಿಚ್ಚಿದಾಗ ಎದೆ ಹೊಡೆದುಕೊಂಡಿತು. ನಮ್ಮ ಮಳೆಗಾಲ ಎಲ್ಲಕ್ಕೂ ಬೂಷ್ಟು ಹಿಡಿಸುತ್ತದೆ. ಪಟ್ಟಿಯ ಅಂಚಿನಲ್ಲಿ ಬೆಳ್ಳಗೆ ಕುಳಿತಿತ್ತು. ಹತ್ತಿಯಿಂದ ಒರೆಸಿ, ಒಂದರ ಪಟ್ಟಿಯನ್ನು ಬೇರೆ ಡಬ್ಬಿಗೆ ವರ್ಗಾಯಿಸಿ, ನಮ್ಮ ಹಳೆಯ ಯಂತ್ರವನ್ನು ಗಣಕಕ್ಕೆ ಜೋಡಿಸಿ, ಎರಡು ಹಗಲು ಎರಡು ರಾತ್ರಿ ಅವನು ಕೋಣೆಯಿಂದ ಹೊರಬರಲಿಲ್ಲ. ನಡುನಡುವೆ ಹೊರಬಂದು ನನಗೆ ಪಾಠ ಹೇಳಿದನು. ಅಗ್ಗದ ಟೇಪ್ ರೆಕಾರ್ಡರಿನಲ್ಲಿ ಸದ್ದನ್ನು ತಾನಾಗಿಯೇ ಹಿಗ್ಗಿಸಿ ಕುಗ್ಗಿಸುವ ಏರ್ಪಾಡಿರುತ್ತದಂತೆ. ಚಂಡೆಯ ಪೆಟ್ಟು ಬಿದ್ದೊಡನೆ ಯಂತ್ರ ಬೆದರಿ ಎಲ್ಲ ಸದ್ದನ್ನೂ ತಗ್ಗಿಸುತ್ತದೆ, ಭಾಗವತರ ಕಂಠವೂ ಅದರೊಂದಿಗೆ ಮುಳುಗುತ್ತದೆ. ಚಂಡೆ ನಿಂತ ಮೇಲೆ ಯಂತ್ರ ಮೆಲ್ಲಗೆ ಧೈರ್ಯ ತಂದುಕೊಂಡು, ಸದ್ದನ್ನು ಏರಿಸುತ್ತ ಏರಿಸುತ್ತ, ಡೇರೆಯಾಚೆಯ ಜನರೇಟರನ್ನೂ ಕಡಲೆ ಮಾರುವವನನ್ನೂ ಒಳಗೆ ಕರೆದುಕೊಳ್ಳುತ್ತದೆ. ಬಾಲ್ಯದಿಂದ ನಾನು ಕೇಳುತ್ತಿದ್ದ ಆ ಮುಳುಗೇಳುವಿಕೆಯನ್ನು ಆಟದ ಲಯವೆಂದೇ ತಿಳಿದಿದ್ದೆ!

ಮೂರನೆಯ ದಿನ ಅವನು ಅಮ್ಮನನ್ನು ಕೂರಿಸಿ, ಶುದ್ಧಗೊಂಡ ‘ಕಾಳಿಂಗ ೩’ನ್ನು ಹಾಕಿದ. ನಿಜವಾಗಿಯೂ ಬೆರಗಾಯಿತು. ಟೇಪಿನ ಸುಯ್ಯೆಂಬ ಸದ್ದಿಲ್ಲ, ಜನರೇಟರಿಲ್ಲ. ತಾಳದ ಕಂಚಿನ ನಾದ ಗಾಳಿಯಲ್ಲಿ ತೂಗಿದಂತೆ. ಕಂಠ ನಮ್ಮ ಜಗಲಿಯಲ್ಲಿಯೇ ಇದೆಯೆಂಬಂತೆ. ಶ, ಸಗಳನ್ನು ಅವನು ಬಹಳ ಜಾಗ್ರತೆಯಿಂದ ಉಳಿಸಿಕೊಂಡಿದ್ದ. ನಾನು ಭೇಷ್ ಎಂದೆ. ಅಮ್ಮ ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತ ಕುಳಿತಿದ್ದವರು, ಮುಖ ಮುಗಿದ ಮೇಲೆ, "ಚೆಂದ ಉಂಟು. ಆದರೆ ಇದು ನಾವು ನೋಡಿದ ಆಟ ಅಲ್ಲ" ಎಂದರು.

"ಅದೇ ಅಜ್ಜಿ. ಗಲಾಟೆ ಮಾತ್ರ ತೆಗೆದದ್ದು."

"ಮಗು ಕೂಗಿದ್ದು ಎಲ್ಲಿ ಹೋಯಿತು? ಇವನು ಕೂಗಿದ್ದು."

ಆ ಅಳುವಿನ ಕರ್ತೃತ್ವ ನಮ್ಮ ಮನೆಯಲ್ಲಿ ಹಳೆಯ ವಿವಾದ. ಮೂರನೆಯ ಕ್ಯಾಸೆಟ್ಟಿನಲ್ಲಿ ಮಗುವೊಂದು ಅಳುತ್ತದೆ. ಅಮ್ಮನ ಪ್ರಕಾರ ಅದು ನಾನು. ಅಕ್ಕನ ಪ್ರಕಾರ ಅದು ಹಿಂದಿನ ಸಾಲಿನ ಯಾರದೋ ಮಗು, ನಾನು ಆ ಹೊತ್ತಿಗೆ ನಿದ್ರಿಸಿದ್ದೆ. ಲಿಖಿತ ಆಧಾರವಿಲ್ಲದಿರುವುದರಿಂದ ನಾನು ಈ ವಿಷಯದಲ್ಲಿ ಅಭಿಪ್ರಾಯ ನೀಡುವುದಿಲ್ಲ.

"ಅವರು ಸೆಲ್ ಕೇಳಿದ್ದು ಕೂಡ ಇಲ್ಲ" ಎಂದರು ಅಮ್ಮ ಮತ್ತೆ.

"ಯಾರು, ಎಂತ ಕೇಳಿದ್ದು?"

"ನಿನ್ನ ಅಪ್ಪ. ಸೆಲ್ ಇಳಿದಿತ್ತಲ್ಲ! ಹಿಂದೆ ಕೂತವರ ಹತ್ತಿರ ಸೆಲ್ಲು ಉಂಟಾ ಅಂತ ಕೇಳಿದ್ದು, ಅವರು ಟಾರ್ಚಿನಿಂದ ತೆಗೆದುಕೊಟ್ಟದ್ದು. ಬೆಳಗಾತ ಅವರು ಟಾರ್ಚು ಇಲ್ಲದೆ ತೋಡು ದಾಟಬೇಕಾಯಿತು."

ಅಳಿಯ ನನ್ನ ಮುಖವನ್ನೂ ನಾನು ಅಳಿಯನ ಮುಖವನ್ನೂ ನೋಡಿದೆವು. ಅವನು ಎದ್ದು ಹೋಗಿ, ಶುದ್ಧಿಗೊಳ್ಳದ ಮೂಲವನ್ನು ಹಾಕಿದ. ಮುಖದ ಕೊನೆಯ ಭಾಗ. ಚಂಡೆ ನಿಂತಿತು, ಯಂತ್ರ ಧೈರ್ಯ ತಂದುಕೊಂಡಿತು, ಜನರೇಟರು ಬಂತು, ಮಗು ಬಂತು, ಅನಂತರ, ಇಷ್ಟು ವರ್ಷ ನಾವು ಯಾರೂ ಕಿವಿಗೊಡದಿದ್ದ ಒಂದು ಗಂಡುದನಿ, "ಸೆಲ್ಲು ಉಂಟಾ ಮಾರಾಯ್ರೆ?" ಎಂದಿತು.

ಅದು ತಂದೆಯವರ ಮಾತು. ಆದರೆ ತಂದೆಯವರ ದನಿಯಲ್ಲ. ಅವರದು ದಪ್ಪ ಕಂಠ. ಇದು ತೆಳ್ಳಗೆ, ಅವಸರ ಅವಸರವಾಗಿ, ಹತ್ತು ವರ್ಷ ಕಿರಿಯ ಯಾರೋ ಒಬ್ಬರು ಆಡಿದಂತಿತ್ತು. ತಂದೆಯವರು ತೀರಿಕೊಂಡು ಒಂಬತ್ತು ವರ್ಷಗಳಾದುವು. ಅಮ್ಮ ಸುಮ್ಮನೆ ಗೋಡೆಯ ಕಡೆಗೆ ನೋಡುತ್ತಿದ್ದರು. ಅಳಿಯ ಮಾತ್ರ ಕುರ್ಚಿಯ ತುದಿಗೆ ಸರಿದು, "ಮಾವ, ತಿಳಿಯಿತಾ? ಸೆಲ್ ಇಳಿದದ್ದು!" ಎಂದ.

ತಿಳಿಯಿತು. ವಾಚಕರಿಗೂ ತಿಳಿಸುತ್ತೇನೆ. ಕ್ಯಾಸೆಟ್ಟಿನ ಪಟ್ಟಿ ಸೆಕೆಂಡಿಗೆ ೪.೭೬ ಸೆಂಟಿಮೀಟರಿನಂತೆ ಓಡಬೇಕೆಂಬುದು ನಿಯಮ. ಸೆಲ್ ಬಲಗುಂದಿದಾಗ ಒಳಗಿನ ಮೋಟಾರು ಒಂದು ಮಿತಿಯವರೆಗೆ ಸಾವರಿಸಿಕೊಳ್ಳುತ್ತದೆ. ಆ ಮಿತಿ ದಾಟಿದರೆ ಕುಂಟತೊಡಗುತ್ತದೆ. ತುಂಬಿಸಿಕೊಳ್ಳುವಾಗ ಕುಂಟಿದ ಪಟ್ಟಿಯನ್ನು ಮರುದಿನ ಮನೆಯಲ್ಲಿ ಒಳ್ಳೆಯ ವಿದ್ಯುತ್ತಿನ ಬಲದಿಂದ ಸರಿಯಾದ ವೇಗದಲ್ಲಿ ಓಡಿಸಿದರೆ, ಅದರೊಳಗಿನದೆಲ್ಲವೂ ನಿಜಕ್ಕಿಂತ ಬೇಗವಾಗಿ, ನಿಜಕ್ಕಿಂತ ಎತ್ತರವಾಗಿ ಕೇಳುತ್ತದೆ. ಮೂರೂವರೆ ಗಂಟೆಯ ಹೊತ್ತಿಗೆ ಏರಿದ್ದು ನಾವಡರ ಶ್ರುತಿಯಲ್ಲ. ಇಳಿದದ್ದು ತಂದೆಯವರ ಸೆಲ್.

ನನಗಾದರೋ ಪ್ರಬಂಧವನ್ನು ಉಳಿಸಿಕೊಳ್ಳುವ ಆಸೆ. ತಂದೆಯವರ ದನಿ ಚಳಿಗೆ ತೆಳ್ಳಗಾಗಿರಬಾರದೇಕೆ ಎಂದು ವಾದಿಸಿದೆ. ಅಳಿಯ ಚಂಡೆಯನ್ನು ಸಾಕ್ಷಿಗೆ ಕರೆದ. ಮಂಜು ಬೀಳುವ ಹೊತ್ತಿನಲ್ಲಿ ಚರ್ಮ ಸಡಿಲಗೊಂಡು ಚಂಡೆಯ ನಾದ ತಗ್ಗಬೇಕು. ಈ ಟೇಪಿನಲ್ಲಿ ಚಂಡೆಯೂ ಮದ್ದಳೆಯೂ ತಾಳವೂ ಭಾಗವತರೊಂದಿಗೆ ಸರಿಸಮವಾಗಿ ಮೇಲೇರಿವೆ. ಕಂಚಿನ ತಾಳಕ್ಕೆ ರಸಾವೇಶ ಬರುವುದುಂಟೇ? ನಾಲ್ಕನೆಯ ಕ್ಯಾಸೆಟ್ಟಿನ ಮೊದಲ ಪದದಲ್ಲಿ ಎಲ್ಲವೂ ಯಥಾಸ್ಥಾನಕ್ಕೆ ಮರಳಿವೆ. ಅದು ಟಾರ್ಚಿನ ಸೆಲ್ ಬಿದ್ದ ಮೇಲಿನದು. ಇಷ್ಟಾದ ಬಳಿಕ ನಾನು ಸುಮ್ಮನಾದೆ.

ಈ ದೋಷ ನಮ್ಮ ತಂದೆಯವರೊಬ್ಬರದೇ ಅಲ್ಲವೆಂಬುದು ಒಂದು ಸಮಾಧಾನ. ಗೋಹರ್ ಜಾನಳ ಕಾಲದ ತಟ್ಟೆಗಳು ೭೮ ಎಂದು ಹೇಳಿಸಿಕೊಂಡರೂ ಸುತ್ತುಗಳು ಹೆಚ್ಚುಕಡಿಮೆಯಾಗುತ್ತಿದ್ದುವು. ಯಾವ ವೇಗದಲ್ಲಿ ಮುದ್ರಿಸಿದರೆಂದು ತಿಳಿಯದೆ ಹೊಸ ಪ್ರತಿ ತೆಗೆಯುವವರು ಆ ಗಾಯಕಿಯರನ್ನು ಒಮ್ಮೆ ಹುಡುಗಿಯರನ್ನಾಗಿಯೂ ಒಮ್ಮೆ ಮುದುಕಿಯರನ್ನಾಗಿಯೂ ಮಾಡುತ್ತಾರೆ. ಬೋಲನ್ನನ ಅದೃಷ್ಟ ದೊಡ್ಡದು. ಅವನ ಹಾಡಿನ ಮೂಲ ಟೇಪುಗಳು ಉಳಿದಿದ್ದುವು. ಸ್ಟುಡಿಯೋದ ಯಂತ್ರಗಳು ಟಾರ್ಚಿನ ಸೆಲ್ಲನ್ನು ನಂಬಿದವಲ್ಲ. ಹಾಗಿದ್ದೂ ಹೊಸ ಪ್ರತಿಗಳಲ್ಲಿ ಅವರದೊಂದು ಚಾಪಲ್ಯವಿದೆಯೆಂದು ಅಳಿಯ ಹೇಳುತ್ತಾನೆ: ಪಿಸುಮಾತನ್ನೂ ಕೂಗನ್ನೂ ಒಂದೇ ಮಟ್ಟಕ್ಕೆ ಏರಿಸಿಬಿಡುವುದು. ಅಂಗಡಿಯಲ್ಲಿ, ಕಾರಿನಲ್ಲಿ, ಪೇಟೆಯ ಗದ್ದಲದಲ್ಲಿ ಕೇಳಬೇಕಲ್ಲವೇ! ಏರಿಳಿತವೇ ಇಲ್ಲದ ಹಾಡು, ನನ್ನ ದೃಷ್ಟಿಯಲ್ಲಿ, ವಿರಾಮಚಿಹ್ನೆಗಳನ್ನೆಲ್ಲ ಅಳಿಸಿದ ಗದ್ಯದಂತೆ.

ಇರಲಿ. ಅಳಿಯ ಮತ್ತೆರಡು ದಿನ ಕುಳಿತು, ಒಂದನೆಯ ಮತ್ತು ನಾಲ್ಕನೆಯ ಕ್ಯಾಸೆಟ್ಟುಗಳ ಶ್ರುತಿಯನ್ನು ಪ್ರಮಾಣವಾಗಿಟ್ಟುಕೊಂಡು, ಮೂರನೆಯದರ ವೇಗವನ್ನು ಅಂಗುಲ ಅಂಗುಲವಾಗಿ ತಿದ್ದಿದ. ತಿದ್ದಿದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವನಿಗಿದ್ದ ಕೊನೆಯ ಅಳತೆಗೋಲು ತಂದೆಯವರ ಆ ಒಂದು ವಾಕ್ಯ. ಅದನ್ನು ಅಮ್ಮನಿಗೆ ಕೇಳಿಸುತ್ತ, ಇಷ್ಟು ತಗ್ಗಿಸಿದರೆ ಸರಿಯೋ, ಇನ್ನೂ ತಗ್ಗಬೇಕೋ ಎಂದು ವಿಚಾರಿಸಿದ. "ಇನ್ನು ಸ್ವಲ್ಪ", "ಹೆಚ್ಚಾಯಿತು", "ಈಗ ಸರಿ" ಎನ್ನುತ್ತ ಅಮ್ಮ ಗಂಡನ ದನಿಯನ್ನು ಒಂದು ತೂಕಕ್ಕೆ ತಂದು ನಿಲ್ಲಿಸಿದರು. ನಾನು ಅಂಗಳದಲ್ಲಿ ಕೆಲಸವಿದೆಯೆಂದು ಹೊರಗೆ ಹೋದೆ. ಮಳೆ ಬರುತ್ತಿತ್ತು, ಅಂಗಳದಲ್ಲಿ ಕೆಲಸವೇನೂ ಇರಲಿಲ್ಲ.

ತಿದ್ದಿದ ಮೇಲೆ ನಾವಡರ ಆ ಪದ ಏಣಿ ಹಾಕುವುದಿಲ್ಲ. ರಾತ್ರಿಯೆಲ್ಲ ಹಾಡಿ ದಣಿದ ಮನುಷ್ಯನೊಬ್ಬ, ದಣಿವನ್ನು ಪದಕ್ಕೆ ತಾಗಗೊಡದೆ, ಇದ್ದ ಶ್ರುತಿಯಲ್ಲಿಯೇ ನಿಂತು, ನಿಧಾನವಾಗಿ ಅಕ್ಷರಗಳನ್ನು ಬಿಡಿಸುವುದು ಕೇಳುತ್ತದೆ. ಮೊದಲಿನದರಲ್ಲಿ ಅವಸರಕ್ಕೆ ಹೊದಿಸಿಹೋಗಿದ್ದ ಗಮಕವೊಂದು ಇಲ್ಲಿ ಪೂರ್ತಿಯಾಗಿ ತಿರುಗಿ ಬಂದು ಕೂರುತ್ತದೆ. ನನಗೆ ಇದೇ ಮೇಲೆನಿಸುತ್ತದೆ. ಆದರೆ ಮೊದಲಿನದನ್ನು ಕೇಳಿ ಕಣ್ಣೊರಸಿಕೊಂಡವರಿಗೆ ಹಾಗೆನಿಸೀತೇ? ಅವರ ಕಣ್ಣೀರು ಸುಳ್ಳಿನದೆಂದು ಹೇಳುವ ಧೈರ್ಯ ನನಗಿಲ್ಲ.

ಹವ್ಯಾಸಿ ಭಾಗವತರಿಗೆ ಹೇಳಲೇಬೇಕಾಗಿತ್ತು. ನಾನೂ ಅಳಿಯನೂ ಹೋಗಿ ಎರಡನ್ನೂ ಕೇಳಿಸಿದೆವು. ಅವರು ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತ, ಎರಡನೆಯದನ್ನು ಮೂರು ಸಲ ಹಾಕಿಸಿ ಕೇಳಿದರು. ಬಹಳ ಹೊತ್ತಿನ ಮೇಲೆ, "ಹಾಗಾದರೆ ನಾನು ಇಷ್ಟು ವರ್ಷ ಹಾಡಿದ್ದು ನಾವಡರನ್ನಲ್ಲ ಮಾಸ್ಟ್ರೇ, ನಿಮ್ಮ ತಂದೆಯವರ ಸೆಲ್ಲನ್ನು" ಎಂದರು. ನಾವು ಮೂವರೂ ನಕ್ಕೆವು. ಅವರ ನಗು ನಮ್ಮಿಬ್ಬರದಕ್ಕಿಂತ ಮೊದಲು ನಿಂತಿತು. ಹೊರಡುವಾಗ ಎರಡರ ಪ್ರತಿಯನ್ನೂ ಕೇಳಿ ತೆಗೆದುಕೊಂಡರು.

ಅಳಿಯ ಈಗ ಮಣಿಪಾಲಕ್ಕೆ ಹಿಂತಿರುಗಿದ್ದಾನೆ. ಹೋಗುವ ಮುನ್ನ ಮೂರು ಪ್ರತಿಗಳನ್ನು ಮಾಡಿಟ್ಟ: ಮೂಲ ಇದ್ದಂತೆಯೇ ಒಂದು, ವೇಗ ತಿದ್ದಿ ಸದ್ದು ತೆಗೆದದ್ದು ಒಂದು, ವೇಗವನ್ನು ಮಾತ್ರ ತಿದ್ದಿ, ಜನರೇಟರು, ಕಡಲೆಯವನು, ಮಗು, ಸೆಲ್ಲು ಎಲ್ಲವನ್ನೂ ಬಿಟ್ಟದ್ದು ಒಂದು. ಅಮ್ಮ ಸಂಜೆಯ ಹೊತ್ತು ಹಾಕಿಸಿಕೊಳ್ಳುವುದು ಮೂರನೆಯದನ್ನು. ನನ್ನ ಪ್ರಬಂಧದ ವಿಷಯದಲ್ಲಿ ಒಂದು ತಿದ್ದುಪಡಿಯನ್ನು ಬರೆದು ಸಂಪಾದಕರಿಗೆ ಕಳುಹಿಸಿದ್ದೇನೆ. ಎರಡು ತಿಂಗಳಾಯಿತು, ಉತ್ತರ ಬಂದಿಲ್ಲ. ಮಗುವಿನ ಅಳುವನ್ನು ಸರಿಯಾದ ವೇಗದಲ್ಲಿ ಕೇಳಿದ ಅಕ್ಕ, "ಇದು ಇವನೇ ಅಲ್ಲ, ಇವನದು ಇದಕ್ಕಿಂತ ಜೋರಿತ್ತು" ಎಂದು ತನ್ನ ಹಳೆಯ ವಾದಕ್ಕೆ ಹೊಸ ಆಧಾರವನ್ನು ಸೇರಿಸಿದ್ದಾಳೆ.